ಸುಭಾಷನ ಖಾಲಿ ಎಲೆ

ಹೇಮಾವತಿಗೆ ಸಂಬಳ ಸಿಗುವುದು ಇಲ್ಲದ ಅಂಕಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಇರುವ ಅಂಕಿಗಳನ್ನು ಯಾರು ಬೇಕಾದರೂ ಕೂಡಿ ಕಳೆದಾರು. ಇಲ್ಲದವನ್ನು ಏನು ಮಾಡಬೇಕು ಎಂದು ತಿಳಿಯಲು ಬೇರೆಯದೇ ಗುಂಡಿಗೆ ಬೇಕು. ಅದು ಅವಳಿಗೆ ಎಲ್ಲಿಂದ ಬಂತು ಎಂದು ಹೇಳಿದರೆ ಅವಳ ಕಥೆಯನ್ನೇ ಹೇಳಿದ ಹಾಗೆ.

ಗಂಗಾವತಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಗೌರೀಶನ ಎರಡು ಕೋಣೆಯ ಆಫೀಸು. ಕಾಲುವೆ, ಹಳ್ಳ, ಹೊಳೆದಂಡೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಪೆಟ್ಟಿಗೆಗಳನ್ನು ಕಂಬಕ್ಕೆ ಕೂರಿಸಿ, ಅವು ಕಳಿಸುವ ಅಂಕಿಗಳನ್ನು ಹಸನು ಮಾಡಿ, ಬೇಕಾದವರಿಗೆ ಗ್ರಾಫ್ ಮಾಡಿಕೊಡುವುದು ಅವನ ದಂಧೆ. ಕಂಬ ಹತ್ತುವವನು ವಾಹೀದ, ಹಸನು ಮಾಡುವವಳು ಹೇಮಾವತಿ. ಕೂಲಿ ಮನೆತನದ ಹುಡುಗಿ. ಸಾಣಾಪುರದ ಮಗ್ಗುಲಿನ ಹಳ್ಳಿಯವಳು. ಭತ್ತದ ನಾಟಿಯ ಕೆಸರಿನಲ್ಲಿ ನಿಂತೇ ಬಿ.ಎಸ್ಸಿ. ಮುಗಿಸಿದವಳು. ಮದುವೆಯ ಮಾತು ಬಂದಾಗಲೆಲ್ಲ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದಳು. ಹಾಗೆ ಎದ್ದು ಹೋಗುತ್ತಲೇ ಮೂವತ್ತು ದಾಟಿತು.

ಸೆನ್ಸರ್ ಎಂದರೆ ದೇವರಲ್ಲ. ಅದರೊಳಗೆ ಇರುವೆ ಗೂಡು ಕಟ್ಟುತ್ತದೆ, ಮಂಗ ತಂತಿ ಕೀಳುತ್ತದೆ, ಸಿಡಿಲು ಬಡಿಯುತ್ತದೆ. ಆಗ ಅಂಕಿ ಬರುವ ಜಾಗದಲ್ಲಿ ಕಂಪ್ಯೂಟರು ‘ನ್ಯಾನ್’ ಎಂದು ತೋರಿಸುತ್ತದೆ. ಇಲ್ಲಿ ಅಂಕಿ ಇಲ್ಲ, ಏನಿತ್ತೋ ನನಗೆ ಗೊತ್ತಿಲ್ಲ ಎಂದು ಅದರ ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಷ್ಟು ಮರ್ಯಾದೆ ಆ ಯಂತ್ರಕ್ಕಿದೆ, ನಮ್ಮಲ್ಲಿ ಎಷ್ಟು ಮಂದಿಗಿದೆ? ಆದರೆ ಈ ನ್ಯಾನ್ ಬಹಳ ಹಟಮಾರಿ. ಸಾವಿರ ಅಂಕಿಗಳ ಸಾಲಿನಲ್ಲಿ ಒಂದೇ ಒಂದು ಕೂತಿದ್ದರೂ ಸಾಕು, ಇಡೀ ಸಾಲನ್ನು ಕೂಡಿಸಿದರೆ ಬರುವ ಉತ್ತರವೂ ನ್ಯಾನ್. ಒಂದು ನ್ಯಾನ್ ಇನ್ನೊಂದಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ತನಗೆ ತಾನೇ ಸಮವೇ ಎಂದರೂ ಅಲ್ಲ.

ಇದರ ಜೊತೆಗೆ ಇನ್ನೊಂದು ಪೀಡೆ, ಇನ್ಫಿನಿಟಿ. ಕಾಲುವೆಯ ತುದಿಗೆ ಮುಟ್ಟಿದ ನೀರನ್ನು ಮೇಲೆ ಗೇಟಿನಲ್ಲಿ ಬಿಟ್ಟ ನೀರಿನಿಂದ ಭಾಗಿಸಿ ಗೌರೀಶ ಲೆಕ್ಕ ತೆಗೆಸುತ್ತಿದ್ದ. ಗೇಟು ಮುಚ್ಚಿದ ದಿನ ಬಿಟ್ಟ ನೀರು ಸೊನ್ನೆ, ಆದರೆ ನಡುವೆ ನಿಂತಿದ್ದದ್ದು ತುದಿಗೆ ಹರಿದಿರುತ್ತದೆ. ಸೊನ್ನೆಯಿಂದ ಭಾಗಿಸಿದ ತಕ್ಷಣ ಆ ಜಾಗದಲ್ಲಿ ಕೊನೆಯಿಲ್ಲದ ಸಂಖ್ಯೆ ಎದ್ದು ನಿಲ್ಲುತ್ತದೆ. ಆಮೇಲೆ ಇಡೀ ವರ್ಷದ ಸರಾಸರಿಯೇ ಕೊನೆಯಿಲ್ಲದ್ದು.

“ಅದಕ್ಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ? ಸೊನ್ನಿ ತುಂಬಿ ಕೊಟ್ಟುಬಿಡು” ಎಂದಿದ್ದ ಗೌರೀಶ, ಅವಳು ಸೇರಿದ ಹೊಸದರಲ್ಲಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯ ಅವನು. ಇಲ್ಲದ್ದಕ್ಕೆಲ್ಲ ಸೊನ್ನೆ, ಕೊನೆಯಿಲ್ಲದ್ದಕ್ಕೆಲ್ಲ ಯಂತ್ರ ಹೊರಬಲ್ಲ ಅತಿ ದೊಡ್ಡ ಸಂಖ್ಯೆ ತುಂಬುವ ಒಂದು ಸಾಲಿನ ಆಜ್ಞೆ ಇದೆ. ಹೇಮಾವತಿ ಅದನ್ನೇ ಕೊಟ್ಟಳು. ಮರುದಿನ ಗ್ರಾಫಿನಲ್ಲಿ ಕಾಲುವೆ ಒಂದು ಕಡೆ ತಳ ಕಂಡಿತ್ತು, ಇನ್ನೊಂದು ಕಡೆ ಆಕಾಶಕ್ಕೆ ಏರಿತ್ತು. ಆಕಾಶವನ್ನು ಯಾರೂ ನಂಬಲಿಲ್ಲ. ತಳವನ್ನು ಎಲ್ಲರೂ ನಂಬಿದರು. ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹಾರಿ, ನಾಟಿ ಮಾಡಿದ ರೈತರು ಬೈಕು ಹತ್ತಿ ಕಾಲುವೆಗೆ ಓಡಿದರು. ನೋಡಿದರೆ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿದೆ! ಅವರು ಬೈದ ಬೈಗುಳದಲ್ಲಿ ಗೌರೀಶನ ಮನೆತನದವರು ಯಾರೂ ಉಳಿಯಲಿಲ್ಲ.

ಅಂದಿನಿಂದ ಹೇಮಾವತಿ ಒಂದು ನೇಮ ಹಿಡಿದಳು. ಇಲ್ಲದ ಜಾಗದಲ್ಲಿ ಏನನ್ನೂ ತುಂಬುವುದಿಲ್ಲ. ಇದ್ದವನ್ನಷ್ಟೇ ಕೂಡಿಸಿ, ಇಷ್ಟು ಜಾಗ ಖಾಲಿ ಎಂದು ಕೆಳಗೆ ಬರೆದು ಕೊಡುತ್ತಾಳೆ. “ಸೊನ್ನಿ ಅಂದ್ರ ನೀರಿಲ್ಲ ಅಂತ ಹೇಳಿದಂಗ್ರಿ ಸರ್. ಇದು ಗೊತ್ತಿಲ್ಲ ಅಂತ. ಎರಡೂ ಒಂದ ಅಲ್ರಿ” ಎನ್ನುತ್ತಿದ್ದಳು. ಗೌರೀಶ ಗೊಣಗುತ್ತ ಹಾಗೇ ಕಳಿಸಿಕೊಡುತ್ತಿದ್ದ. ಆಫೀಸಿನಲ್ಲಿ ಅವಳ ಈ ನೇಮ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ಮನೆಯಲ್ಲಿ.

ಅವಳ ತಮ್ಮ ಸುಭಾಷ ಹೊಳೆಯಲ್ಲಿ ಪ್ರವಾಸಿಗರನ್ನು ಹರಿಗೋಲಿನಲ್ಲಿ ತಿರುಗಿಸುವವನು. ಬಾಯಿ ಬಡುಕ, ಮಿರ್ಚಿ ಕಂಡರೆ ಪ್ರಾಣ ಬಿಡುವವನು, ಗೀತಾಳನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸಲದ ಮಳೆಗಾಲದಲ್ಲಿ ಹೊಳೆ ಏರುತ್ತಿದ್ದಾಗ, ಆಚೆ ದಂಡೆಗೆ ಕಟ್ಟಿದ್ದ ಹರಿಗೋಲು ಕೊಚ್ಚಿಹೋದೀತೆಂದು ಸಂಜೆ ಹೊರಟ. ಹರಿಗೋಲು ಕೆಳಗೆ ಬಂಡೆಗಳ ಸಂದಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ. ಮೀನುಗಾರರು ಹುಡುಕಿದರು, ದೋಣಿ ತಂದು ಹುಡುಕಿದರು, ನೀರಿಳಿದ ಮೇಲೆ ಮಡುವು ಮಡುವೂ ಹುಡುಕಿದರು. ಹೆಣ ಇಲ್ಲ. ಲೋಕದ ಬಾಯಿಗೆ ಬೀಗ ಹಾಕುವವರು ಯಾರು? ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಡ ಎಂದು ಒಬ್ಬ, ಗೋವಾದಲ್ಲಿ ಗಾರೆ ಕೆಲಸಕ್ಕಿದ್ದಾನೆ ಎಂದು ಇನ್ನೊಬ್ಬ.

ಅವ್ವ ಹುಲಿಗವ್ವ ಆ ಒಬ್ಬನ ಮಾತನ್ನೂ ಇನ್ನೊಬ್ಬನ ಮಾತನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಆ ಮನೆಯಲ್ಲಿ ಯಾವ ಲೆಕ್ಕವೂ ಸರಿಹೋಗಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅವ್ವ ಒಳಗೆ ಎದ್ದು ಹೋಗುತ್ತಿದ್ದಳು. ರೊಟ್ಟಿ ಬಡಿಯುವಾಗ ಎಷ್ಟು ಎಂದು ಗೊತ್ತಾಗದೆ ಗೀತಾ ಹಿಟ್ಟು ಹಿಡಿದು ನಿಲ್ಲುತ್ತಿದ್ದಳು. ಹೇಮಾವತಿ ಹೊಳೆಯ ಮಟ್ಟದ ಸಾಲು ತೆರೆದರೆ ಆ ಒಂದು ಸಂಜೆಯನ್ನು ದಾಟಿಸಿಕೊಂಡು ಮುಂದೆ ಹೋಗುತ್ತಿದ್ದಳು. ಆ ಸಂಜೆ ನೆರೆಯಲ್ಲಿ ಸೆನ್ಸರ್ ಮುಳುಗಿ, ಅಲ್ಲಿ ನ್ಯಾನ್ ಇತ್ತು. ಇವತ್ತಿಗೂ ಇದೆ.

ಸುಭಾಷನ ಸಿಮ್ಮು ಹೇಮಾವತಿಯ ಹೆಸರಿನಲ್ಲೇ ಇತ್ತು. ಅವನ ಫೋನು ಅವನ ಜೊತೆಗೇ ಹೋಗಿತ್ತು. ಅವನನ್ನು ಕಂಡವರು ಯಾರಾದರೂ ಆ ನಂಬರಿಗೇ ಫೋನು ಹಚ್ಚಿಯಾರು ಎಂಬ ಆಸೆಗೆ ಅವಳು ಅದೇ ನಂಬರಿನ ಹೊಸ ಸಿಮ್ಮು ಮಾಡಿಸಿ, ಹಳೆಯದೊಂದು ಫೋನಿಗೆ ಹಾಕಿ, ಸದ್ದು ಅಡಗಿಸಿ ನಡುಗುವುದಕ್ಕಷ್ಟೇ ಬಿಟ್ಟು, ಆಫೀಸಿನ ಡ್ರಾದಲ್ಲಿ ಇಟ್ಟುಕೊಂಡಳು. ಬಂದದ್ದೆಲ್ಲ ಪ್ರವಾಸಿಗರ ಕರೆ. “ಊರಿಗೆ ಹೋಗ್ಯಾನ್ರಿ, ಬಂದ ಮ್ಯಾಲ ಹೇಳ್ತೀನಿ” ಎಂದು ಹೇಳುತ್ತಿದ್ದಳು. ಹೇಳುವಾಗ ನಾಲಿಗೆಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಒಂದೊಂದು ಸಲ ತಾನೇ ನಂಬಿಬಿಡುತ್ತಿದ್ದಳು.

ಅಮಾವಾಸ್ಯೆಯ ದಿನ ಆ ದಂಡೆಯವರು ಹರಿಗೋಲನ್ನು ನೀರಿಗೆ ಇಳಿಸುವುದಿಲ್ಲ. ಆವತ್ತು ಸುಭಾಷನಿಗೆ ಪುರಸೊತ್ತು ಎಂಬುದು ಅವ್ವನ ಲೆಕ್ಕ. ಒಂದು ಅಮಾವಾಸ್ಯೆಗೆ ಡ್ರಾ ಗುಂಯ್ ಎಂದಿತು. ತೆರೆದು ನೋಡಿದರೆ ಪರದೆಯ ಮೇಲೆ ‘ಅವ್ವ’. ಎತ್ತಿ ಏನು ಹೇಳುವುದು? ನಾನು ಎನ್ನುವುದೇ? ಕೈಯಲ್ಲಿ ಹಿಡಿದು ನಿಂತಳು, ನಡುಗಿ ನಡುಗಿ ತಾನಾಗಿ ಸುಮ್ಮನಾಯಿತು. ಸಂಜೆ ಮನೆಗೆ ಬಂದರೆ ಅವ್ವನ ಮುಖ ಬೇರೆಯೇ ಆಗಿತ್ತು.

“ರಿಂಗ್ ಆತಬೇ ಹೇಮಾ! ಎತ್ತಲಿಲ್ಲ. ಕೆಲಸದಾಗ ಇರ್ಬೇಕು. ಆದ್ರ ರಿಂಗ್ ಆತು. ಅಂದ್ರ ಅದಾನ.”

ಎಷ್ಟೋ ದಿನದ ಮೇಲೆ ಅವ್ವ ಹೊಟ್ಟೆ ತುಂಬ ಉಂಡಳು. ಆ ಊಟವನ್ನು ಕಿತ್ತುಕೊಳ್ಳಲು ಹೇಮಾವತಿಗೆ ಬಾಯಿ ಬರಲಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅವ್ವ ಫೋನು ಹಚ್ಚುವಳು, ಗಂಗಾವತಿಯ ಡ್ರಾ ಗುಂಯ್ಗುಡುವುದು, ಮಗಳು ಅದನ್ನು ನೋಡುತ್ತ ಕೂರುವಳು. ಕಾಲುವೆಗೆ ಸೊನ್ನೆ ತುಂಬಲು ಒಪ್ಪದ ಹೆಣ್ಣು, ಗೊತ್ತಿದ್ದೂ ತನ್ನ ಮನೆಯ ಖಾಲಿ ಜಾಗಕ್ಕೆ ಒಂದು ಸುಳ್ಳು ಅಂಕಿ ತುಂಬಿ ಕೂತಿದ್ದಳು.

ನಾಲ್ಕು ಮಳೆಗಾಲ ಕಳೆದವು. ಗೀತಾ ತವರಿಗೆ ಹೋಗಲಿಲ್ಲ; ಹೋದರೆ ಅತ್ತೆಗೆ ಯಾರು ಎಂದಳು. ತಾಳಿ, ಕುಂಕುಮ, ಹಸಿರು ಬಳೆ ಎಲ್ಲವೂ ಇದ್ದವು. ಇಪ್ಪತ್ತೈದರ ಹುಡುಗಿ ಗಂಡನಿಲ್ಲದ ಮುತ್ತೈದೆಯಾಗಿ ಕಳೆ ಕೀಳಲು ಹೋಗಿ ಬರುತ್ತಿದ್ದಳು. ಕನಕಗಿರಿಯಲ್ಲಿ ಪಂಚಾಯಿತಿಯ ನೀರು ಬಿಡುವ ರವಿಕುಮಾರನಿಗೆ ಹೆಂಡತಿ ತೀರಿದ್ದಳು. ಅವನ ಸೋದರತ್ತೆ ಶಾಂತಕ್ಕ ಬಂದು ಉಡಿಕಿಯ ಮಾತೆತ್ತಿದಳು. ಗಂಡ ಇಲ್ಲವಾದವಳನ್ನು ಇನ್ನೊಬ್ಬ ಸೀರೆ ಉಡಿಸಿ, ಹೊಸ ತಾಳಿ ಕಟ್ಟಿ ಮನೆ ತುಂಬಿಸಿಕೊಳ್ಳುವ ಪದ್ಧತಿ ಅದು. ಗೀತಾ ತಲೆ ತಗ್ಗಿಸಿ ನಿಂತಳು, ಆದರೆ ಒಲ್ಲೆ ಎನ್ನಲಿಲ್ಲ. ಆ ಮನೆಯಲ್ಲಿ ಅವಳು ತನಗಾಗಿ ಬಯಸಿದ್ದು ಅದೊಂದೇ ಇರಬೇಕು, ಅದನ್ನೂ ಬಾಯಿಬಿಟ್ಟು ಕೇಳಲಿಲ್ಲ.

“ಹುಡುಗಿ ಛಲೋ ಅದಾಳ, ನಮಗ ಒಪ್ಪಿಗಿ” ಎಂದಳು ಶಾಂತಕ್ಕ. “ಆದ್ರ ಯವ್ವಾ, ನಾಳೆ ಗಂಡ ಬಂದು ಬಾಗಿಲದಾಗ ನಿಂತ್ರ ನಾವೇನ್ ಹೇಳೂಣು? ಈ ಸಲದ ಹಿರೇರ ಹಬ್ಬಕ್ಕ ನಿನ ಮಗಗ ಎಡಿ ಇಡು. ನಾನೂ ಬರ್ತೀನಿ. ಎಡಿ ಬಿತ್ತು ಅಂದ್ರ ನಮ್ಮ ಕಡಿಂದ ಮಾತು ಪಕ್ಕಾ.”

ಹಿರಿಯರ ಹಬ್ಬ ಬರುವುದು ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ. ಸತ್ತವರ ಹೆಸರಿನಲ್ಲಿ ಒಬ್ಬೊಬ್ಬರಿಗೂ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಒಳಗೆ ಅವರು ಬಂದು ಉಣ್ಣುತ್ತಾರೆ. ಆ ಬಡಿಸಿದ ಎಲೆಯೇ ಎಡೆ. ಹುಲಿಗವ್ವ ಪ್ರತಿ ವರ್ಷ ಗಂಡ ಹೊಳಿಯಪ್ಪನಿಗೂ ಅತ್ತೆ ಮಾವಂದಿರಿಗೂ ಇಡುತ್ತಿದ್ದಳು. ಮಗನಿಗೆ ಇಡುವುದೆಂದರೆ?

“ಇದ್ದವಗ ಎಡಿ ಇಟ್ರ ಅವನ ಆಯುಷ್ಯ ಕಡಿದಂಗ” ಎಂದಳು ಅವ್ವ, ಶಾಂತಕ್ಕ ಹೋದ ಮೇಲೆ. ಸ್ವಲ್ಪ ಹೊತ್ತಿಗೆ ತಾನೇ ಮತ್ತೆ, “ಹೋದವಗ ಇಡದಿದ್ರ ಹಸಗೊಂಡು ಅಡ್ಯಾಡ್ತಾನ” ಎಂದಳು. ಅತ್ತ ದರಿ, ಇತ್ತ ಪುಲಿ. ಅಡುಗೆಮನೆಯಲ್ಲಿ ಗೀತಾಳ ಬಳೆಯ ಸದ್ದು ನಿಂತುಹೋಗಿತ್ತು. ಈ ಮನೆಯನ್ನು ಹಿಡಿದು ನಿಲ್ಲಿಸಿದ್ದು ಹೊಳೆಯೂ ಅಲ್ಲ, ದೇವರೂ ಅಲ್ಲ, ತನ್ನ ಡ್ರಾದಲ್ಲಿರುವ ಫೋನು ಎಂದು ಹೇಮಾವತಿಗೆ ಆಗ ಗೊತ್ತಾಯಿತು.

ಆರಿಸಿಬಿಡಬೇಕು ಎಂದು ನಿಶ್ಚಯಿಸಿದಳು. ಅವ್ವ ಫೋನು ಹಚ್ಚಿದಾಗ ಸ್ವಿಚ್ ಆಫ್ ಎಂದು ಬರಲಿ, ಅಳಲಿ, ಎಡೆ ಇಡಲಿ, ಗೀತಾ ಹೋಗಲಿ. ಅಮಾವಾಸ್ಯೆಯ ಹಿಂದಿನ ಸಂಜೆ ಡ್ರಾ ತೆರೆದು ಗುಂಡಿ ಒತ್ತಲು ಹೋದಳು. ನಾಳೆ ಬೆಳಿಗ್ಗೆ ಆರಿಸಿದರಾಯಿತು ಎಂದು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಬೆಳಿಗ್ಗೆ ನಿಜವಾಗಿಯೂ ಆರಿಸಿದಳು. ಪರದೆ ಮಂಕಾಗಿ ಕಪ್ಪಾದಾಗ, ತಮ್ಮನ ತಲೆಯನ್ನು ತಾನೇ ನೀರಿಗೆ ಅದುಮಿದ ಹಾಗಾಯಿತು. ಮತ್ತೆ ಹೊತ್ತಿಸಿದಳು. ಸ್ವಲ್ಪ ತಡೆದು ಆರಿಸುತ್ತೇನೆ ಎಂದು ಚೀಲವನ್ನು ಪಡಸಾಲೆಯ ತಗಡಿನ ಟ್ರಂಕಿನ ಮೇಲಿಟ್ಟಳು. ಅಷ್ಟರಲ್ಲಿ ಅವ್ವ ಕೊಬ್ಬರಿ ಹೆರೆಯಲು ಕರೆದಳು, ಶಾಂತಕ್ಕ ಬಂದಳು, ಕೆಲಸದ ಮೇಲೆ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಎಲೆಗಳು ಬಿದ್ದವು. ಹೊಳಿಯಪ್ಪನ ಎಲೆಗೆ ಹೋಳಿಗೆ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅವನ ಮಗ್ಗುಲಲ್ಲಿ ಅತ್ತೆ, ಮಾವ. ಕೊನೆಗೆ, ಟ್ರಂಕಿಗೆ ಹತ್ತಿಕೊಂಡ ಹಾಗೆ, ಹುಲಿಗವ್ವ ಇನ್ನೊಂದು ಎಲೆ ಹಾಕಿದಳು. ಅದರ ಮೇಲೆ ನೀರು ಚಿಮುಕಿಸಿ ಒರೆಸಿದಳು. ಏನನ್ನೂ ಬಡಿಸಲಿಲ್ಲ. ಅಡುಗೆಮನೆಯಲ್ಲಿ ಮಿರ್ಚಿ ಕರಿದು ಮುಚ್ಚಿಟ್ಟಿದ್ದಳು. ಅದರ ವಾಸನೆ ಮನೆ ತುಂಬ ಇತ್ತು.

ಹೇಮಾವತಿ ಆ ಎಲೆಯನ್ನು ನೋಡಿದಳು. ಸೊನ್ನೆಯಲ್ಲ ಅದು, ಸರಾಸರಿಯೂ ಅಲ್ಲ. ಅವ್ವ ಅಕ್ಷರ ಕಲಿತವಳಲ್ಲ, ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡುವ ಈ ವಿದ್ಯೆ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸಂಕಟ ಹೇಳಿಕೊಟ್ಟಿತ್ತು.

“ಖಾಲಿ ಎಲಿ ಎಡಿ ಆಗಂಗಿಲ್ಲ ಯವ್ವಾ” ಎಂದಳು ಶಾಂತಕ್ಕ, ಮೆಲ್ಲಗೆ.

“ಗೊತ್ತೈತಿ. ಹೊರಗ ಕುಂತು ಫೋನ್ ಹಚ್ತೀನಿ. ಹತ್ತಿತು ಅಂದ್ರ ಬಂದು ಎಲಿ ತಗದುಬಿಡ್ತೀನಿ. ಹತ್ತಲಿಲ್ಲ ಅಂದ್ರ…” ಎಂದು ಅವ್ವ ಎಲೆಯನ್ನು ಇನ್ನೊಮ್ಮೆ ಒರೆಸಿದಳು. “ಅಂದ್ರ ನೀಡ್ತೀನಿ.”

ಬಾಗಿಲು ಮುಚ್ಚಿ ನಾಲ್ವರೂ ಕಟ್ಟೆಯ ಮೇಲೆ ಕೂತರು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಓಣಿಯ ಎಲ್ಲ ಬಾಗಿಲುಗಳೂ ಹಾಗೇ ಮುಚ್ಚಿದ್ದವು, ಎಲ್ಲರೂ ಹೊರಗೆ ಪಿಸುಮಾತಿನಲ್ಲಿ ಕೂತಿದ್ದರು. ಊರಿಗೆ ಊರೇ ತನ್ನ ಮನೆಗಳನ್ನು ಸತ್ತವರಿಗೆ ಬಿಟ್ಟುಕೊಟ್ಟಿತ್ತು. ಅವ್ವ ಸೆರಗಿನಿಂದ ಫೋನು ತೆಗೆದಳು. ಆಗ ಹೇಮಾವತಿಗೆ ಚೀಲ ನೆನಪಾಯಿತು. ಎದ್ದು ನಿಂತಳು, ಆದರೆ ಹಿರಿಯರು ಉಣ್ಣುವಾಗ ಬಾಗಿಲು ತೆರೆಯುವಂತಿಲ್ಲ. ಶಾಂತಕ್ಕ ಕೈ ಹಿಡಿದು ಕೂರಿಸಿದಳು.

ಅವ್ವನ ಕಿವಿಯಲ್ಲಿ ಕರೆ ಹೋಗುವ ಸದ್ದು. ಅವಳ ಮುಖ ಅರಳಿತು. “ಹತ್ತೇತಿ! ಹತ್ತೇತಿ ನೋಡ್ರಿ!” ಗೀತಾ ಕಣ್ಣು ಮುಚ್ಚಿಕೊಂಡಳು. ಶಾಂತಕ್ಕ ಸೀರೆ ಕೊಡವಿಕೊಂಡು ಹೊರಡಲು ಎದ್ದಳು.

ಆಗ ಮುಚ್ಚಿದ ಬಾಗಿಲಿನ ಹಿಂದೆ ತಗಡು ಗರಗರ ಎಂದಿತು.

ಒಂದು ಸಲ ನಿಂತು, ಮತ್ತೆ ಎಂದಿತು. ಎಲೆಗಳ ಮುಂದೆ ಯಾರೋ ತಾಟು ಎಳೆದುಕೊಂಡ ಹಾಗೆ. ಶಾಂತಕ್ಕನ ಕೈ ತಾನಾಗಿ ಮುಗಿಯಿತು. ಅವ್ವ ಫೋನನ್ನು ಕಿವಿಯಿಂದ ನಿಧಾನ ಇಳಿಸಿ ಬಾಗಿಲನ್ನು ನೋಡಿದಳು. ಕೆಂಪು ಗುಂಡಿ ಒತ್ತಿದಳು. ಒಳಗೆ ಸದ್ದು ನಿಂತಿತು. ಮತ್ತೊಮ್ಮೆ ಹಚ್ಚಿದಳು. ಒಳಗೆ ಮತ್ತೆ ಗರಗರ.

ಹೇಮಾವತಿ ಬಾಯಿ ತೆರೆದಳು. ಅವ್ವಾ ಅದು ನಾನು, ಅದು ನನ್ನ ಚೀಲ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಗೀತಾಳ ಮುಖ ಕಂಡಿತು. ಮಾತು ಅಲ್ಲೇ ನಿಂತಿತು.

“ಒಳಗ ಅದಾನ” ಎಂದಳು ಅವ್ವ. ದನಿ ಎತ್ತರವಿರಲಿಲ್ಲ. “ನಾ ಊರೆಲ್ಲ ಹುಡುಕಿದೆ. ಅವರಪ್ಪನ ಮಗ್ಗಲದಾಗ ಬಂದು ಕುಂತಾನ. ಎಲಿ ಹಾಕಿ ನೀಡಲಿಲ್ಲಲ್ಲ, ಹಸದು ಬಡಕೊಳ್ಳಾಕತ್ಯಾನ ನನ ಕೂಸು.”

ತಾನೇ ಬಾಗಿಲು ತಳ್ಳಿ ಒಳಗೆ ಹೋದಳು. ಅಡುಗೆಮನೆಯಿಂದ ಮಿರ್ಚಿ ತಂದು ಖಾಲಿ ಎಲೆಗೆ ಬಡಿಸಿದಳು, ಹೋಳಿಗೆ ಇಟ್ಟು ತುಪ್ಪ ಸುರಿದಳು, ಎಲೆ ತುಂಬಿ ನೆಲಕ್ಕೆ ಚೆಲ್ಲುವವರೆಗೂ ಬಡಿಸಿದಳು. ನಾಲ್ಕು ಮಳೆಗಾಲ ತಡೆದಿಟ್ಟ ಅಳು ಆಗ ಬಂತು, ಓಣಿಯ ಇನ್ನೊಂದು ತುದಿಗೆ ಕೇಳುವಂತೆ. ಗೀತಾ ಅವಳ ಹಿಂದೆ ಹೋದವಳು, ಟ್ರಂಕಿನ ಮೇಲೆ ಒಳಗಿನ ಫೋನಿನಿಂದ ಬೆಳಗುತ್ತಿದ್ದ ಚೀಲವನ್ನು ಸೆರಗಿನಲ್ಲಿ ಮುಚ್ಚಿ ಎತ್ತಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಹೇಮಾವತಿಯ ಕೈಗೆ ಕೊಟ್ಟಳು.

“ಅಕ್ಕಾರ, ನಿಮ್ಮ ಚೀಲ” ಎಂದಳು. ಅಷ್ಟೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸುಳ್ಳು ಅಂಕಿಯೇ ಕಟ್ಟಿಹಾಕಿತ್ತು, ಸುಳ್ಳು ಅಂಕಿಯೇ ಬಿಡಿಸಿತು. ಸರಿಯೇ ಎಂದು ಕೇಳಿದರೆ ಉತ್ತರ ಕೊಡುವ ಧೈರ್ಯ ಯಾರಿಗೂ ಇರಲಾರದು. ಮಹಾನವಮಿ ಕಳೆದ ಮೇಲೆ ಗೀತಾ ಕನಕಗಿರಿಗೆ ಹೋದಳು. ಹೋಗುವಾಗ ಅತ್ತೆಯ ಕಾಲಿಗೆ ಬಿದ್ದು ಎಷ್ಟು ಹೊತ್ತಾದರೂ ಏಳಲಿಲ್ಲ. ಹುಲಿಗವ್ವ ಈಗ ರೊಟ್ಟಿ ಲೆಕ್ಕ ಹಾಕಿ ಬಡಿಯುತ್ತಾಳೆ. ಮಕ್ಕಳೆಷ್ಟು ಎಂದು ಕೇಳಿದರೆ, “ಇಬ್ರು ಹುಟ್ಟಿದ್ರು, ಒಬ್ಬಾಕಿ ಅದಾಳ” ಎಂದು ತಡವರಿಸದೆ ಹೇಳುತ್ತಾಳೆ.

ದೆವ್ವ ಹೊಕ್ಕದ್ದು ಹೇಮಾವತಿಯನ್ನು. ಅವನು ಬಂದು ಉಂಡು ಹೋದ ಎಂದು ಅವ್ವನಿಗೆ ಗೊತ್ತು, ಊರಿಗೆ ಗೊತ್ತು. ಆವತ್ತು ಯಾರೂ ಬರಲಿಲ್ಲ ಎಂದು ಗೊತ್ತಿರುವವಳು ಅವಳೊಬ್ಬಳೇ. ಗೀತಾಳಿಗೂ ಗೊತ್ತು, ಆದರೆ ಅವಳಿಗೆ ಮರೆಯಲು ಒಂದು ಮನೆ ಸಿಕ್ಕಿತು. ಫೋನನ್ನು ಹೇಮಾವತಿ ಆರಿಸಲಿಲ್ಲ. ಡ್ರಾದಲ್ಲಿಟ್ಟು ಚಾರ್ಜಿಗೆ ಹಾಕುತ್ತಾಳೆ. ಅಮಾವಾಸ್ಯೆ ಬಂದಾಗ ಅದರ ಕಡೆ ನೋಡುತ್ತ ಕೂರುತ್ತಾಳೆ. ಅವ್ವ ಹಚ್ಚುವುದಿಲ್ಲ. ಹಿಂದೆ ಆ ಗುಂಯ್ ಸದ್ದಿಗೆ ಹೆದರುತ್ತಿದ್ದವಳಿಗೆ ಈಗ ಅದು ಇಲ್ಲದಿರುವುದೇ ಕಿವಿಯಲ್ಲಿ ಗುಂಯ್ಗುಡುತ್ತದೆ. ಒಮ್ಮೆ ತಡೆಯಲಾರದೆ ತನ್ನ ಫೋನಿನಿಂದ ತಾನೇ ಹಚ್ಚಿದಳು. ಡ್ರಾ ನಡುಗಿತು. ಪರದೆಯ ಮೇಲೆ ತನ್ನದೇ ಹೆಸರು.

ಮೊನ್ನೆ ಗೌರೀಶ ಬಂದು, ಹೊಳೆಯ ಹಳೆಯ ವರ್ಷಗಳ ಗ್ರಾಫ್ ಬೇಕಂತೆ, ನಡುವೆ ತುಂಡಾದ ಜಾಗಕ್ಕೆ ಹಿಂದಿನ ಮುಂದಿನ ಅಂಕಿ ಹಿಡಿದು ಒಂದು ಗೆರೆ ಎಳೆದು ಕೊಡು ಎಂದ. ಹೇಮಾವತಿ ಸಾಲು ತೆರೆದಳು. ಆ ಸಂಜೆ. ನ್ಯಾನ್, ನ್ಯಾನ್, ನ್ಯಾನ್. ಗೆರೆ ಎಳೆದರೆ ನೀರು ಮೆಲ್ಲಗೆ, ಅಚ್ಚುಕಟ್ಟಾಗಿ ಏರಿದ ಹಾಗೆ ಕಾಣುತ್ತದೆ. ಯಾರೂ ಕೇಳುವುದಿಲ್ಲ. ಬೆರಳು ಕೀಲಿಯ ಮೇಲಿಟ್ಟುಕೊಂಡು ಕೂತಿದ್ದಾಗ ಡ್ರಾ ಗುಂಯ್ ಎಂದಿತು. ಗೊತ್ತಿಲ್ಲದ ನಂಬರು.

“ಸುಭಾಷಣ್ಣ ಅದಾರೇನ್ರಿ?” ಎಂದಿತು ಹುಬ್ಬಳ್ಳಿಯ ಕಡೆಯ ಒಂದು ದನಿ. “ಹಿಂದೊಮ್ಮೆ ಬಂದಾಗ ಹರಗೋಲದಾಗ ಕರ್ಕೊಂಡು ಹೋಗಿದ್ರು. ಭಾಳ ನಗಿಸಿದ್ರು ನಮ್ಮನ್ನ. ಈ ರವಿವಾರ ಸಿಗ್ತಾರೇನ್ರಿ?”

ಊರಿಗೆ ಹೋಗ್ಯಾನ್ರಿ ಎನ್ನುವ ಮಾತು ರೂಢಿಯಂತೆ ಬಾಯಿಗೆ ಬಂತು. ತೀರಿಕೊಂಡಾನ್ರಿ ಎನ್ನುವುದು ಅದರ ಹಿಂದೆಯೇ ಬಂತು. ಅವಳು ಕಂಪ್ಯೂಟರಿನ ಪರದೆಯ ಮೇಲಿದ್ದ ನ್ಯಾನ್ ಸಾಲನ್ನು ನೋಡಿದಳು.

“ಹಲೋ? ಎಲ್ಲದಾರ್ರಿ ಅವರು?”

“ಗೊತ್ತಿಲ್ರಿ” ಎಂದಳು ಹೇಮಾವತಿ. ಇಷ್ಟು ವರ್ಷಗಳಲ್ಲಿ ಆ ಫೋನಿನಲ್ಲಿ ಅವಳು ಆಡಿದ ಮೊದಲ ನಿಜ ಅದು. ಕರೆ ಕಟ್ಟಾಯಿತು. ಅವಳು ಗೆರೆ ಎಳೆಯದೆ ಸಾಲನ್ನು ಹಾಗೇ ಮುಚ್ಚಿ, ಮೇಜಿನ ಮೇಲೆ ತಲೆಯಿಟ್ಟು ತಮ್ಮನಿಗಾಗಿ ಅತ್ತಳು.